ಫೋರ್ಕ್‌ಗೆ ಮೊದಲು ಅನುಮತಿ

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗಾಗಿ ನಾವೇ ಗಿಟ್ (ಕೋಡ್‌ನ ಬದಲಾವಣೆಗಳ ಇತಿಹಾಸವನ್ನು ಇಡುವ ತಂತ್ರಾಂಶ) ಸರ್ವರ್ ಒಂದನ್ನು ಕಟ್ಟಿಕೊಂಡಿದ್ದೇವೆ. ಎಲ್ಲರೂ ಒಂದೇ ಖಾತೆಯಿಂದ ಒಳಬರುತ್ತಾರೆ. ಗದಗದಿಂದ ದಿನವೂ ರೈಲಿನಲ್ಲಿ ಬಂದುಹೋಗುವ ವಿದ್ಯಾರ್ಥಿಯೊಬ್ಬ ಮನೆಯಲ್ಲಿ ಮಾಡಿದ ಕೆಲಸವನ್ನು ಫೋರ್ಸ್ ಪುಶ್ ಮಾಡಿದ್ದರಿಂದ, ಅಂದರೆ ಸರ್ವರ್‌ನಲ್ಲಿದ್ದುದರ ಮೇಲೆ ಬಲವಂತವಾಗಿ ಹೇರಿದ್ದರಿಂದ, ಉಳಿದವರ ಕಮಿಟ್‌ಗಳು (ದಾಖಲಿಸಿದ ಬದಲಾವಣೆಗಳು) ಶಾಖೆಯಿಂದ (ಬ್ರಾಂಚ್) ಮರೆಯಾದವು. ಫೋರ್ಕ್ (ಪ್ರತಿಯೊಬ್ಬರಿಗೂ ಪ್ರಾಜೆಕ್ಟ್‌ನ ಪ್ರತ್ಯೇಕ ನಕಲು) ಸೌಲಭ್ಯವನ್ನೂ ಅನುಮತಿ ವ್ಯವಸ್ಥೆಯನ್ನೂ ಸೇರಿಸುವುದು ಹೇಗೆ? ಡಿಸ್ಕ್‌ನಲ್ಲಿ ಜಾಗ ಕಡಿಮೆ ಇದೆ.
— ಉಪನ್ಯಾಸಕಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಆ ಕಮಿಟ್‌ಗಳು ಉಳಿದ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತವೆ, ಮೊದಲು ಅಲ್ಲಿಂದ ಮರಳಿ ಪಡೆಯಿರಿ.

ಅನುಮತಿಯ ಕೆಲಸವನ್ನು ಫೋರ್ಕ್‌ಗಿಂತ ಮುಂಚೆ ಮುಗಿಸಬೇಕು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದ ಗಿಟ್ ತಾನಾಗಿ ಯಾರನ್ನೂ ತಡೆಯುವುದಿಲ್ಲ. ಕಮಿಟ್‌ನಲ್ಲಿ ಕಾಣುವ ಹೆಸರು ಬರೆದವರೇ ತುಂಬಿಕೊಂಡದ್ದಾದ್ದರಿಂದ ಅದು ಗುರುತಿಗೆ ಆಧಾರವಾಗದು. ಪ್ರತಿ ವಿದ್ಯಾರ್ಥಿಯ ಎಸ್‌ಎಸ್‌ಎಚ್ ಕೀಯನ್ನು (ಸರ್ವರ್‌ಗೆ ಒಳಬರುವವರ ಗುರುತು ತೋರಿಸುವ ಡಿಜಿಟಲ್ ಕೀಲಿ) ಬೇರೆಬೇರೆಯಾಗಿ ನೋಂದಾಯಿಸಿ, ಆ ಕೀಯಿಂದ ಬಂದವರಿಗೆ ಶೆಲ್ (ಬೇಕಾದ ಆಜ್ಞೆ ಕೊಡುವ ಅವಕಾಶ) ಸಿಗದೆ ನಿಮ್ಮ ತಪಾಸಣಾ ಪ್ರೋಗ್ರಾಂ ಮಾತ್ರ ನಡೆಯುವಂತೆ ಒಪ್ಪಿತ ಕೀಗಳ ಪಟ್ಟಿಯಾದ ಆಥರೈಸ್ಡ್ ಕೀಸ್ ಕಡತದಲ್ಲಿ ನಿಗದಿಪಡಿಸಿದರೆ, ಗಿಟ್‌ನ ಆಜ್ಞೆಗಳಲ್ಲಿ ಅಪ್‌ಲೋಡ್-ಪ್ಯಾಕ್ ಕೇಳಿದವರು ಓದಲು ಬಂದವರೆಂದೂ ರಿಸೀವ್-ಪ್ಯಾಕ್ ಕೇಳಿದವರು ಬರೆಯಲು ಬಂದವರೆಂದೂ ಆ ಪ್ರೋಗ್ರಾಂ ಬಾಗಿಲಲ್ಲೇ ತಿಳಿದು ತೀರ್ಮಾನಿಸಬಲ್ಲದು. ಅಪ್‌ಲೋಡ್ ಎಂಬ ಹೆಸರು ಸರ್ವರ್‌ನ ದೃಷ್ಟಿಯಿಂದ ಬಂದದ್ದು ಎಂಬುದನ್ನು ನೆನಪಿಡಿ, ಇಲ್ಲವಾದರೆ ಎರಡೂ ಅದಲುಬದಲಾಗುತ್ತವೆ. ಶಾಖೆಗೊಂದು ನಿಯಮ ಬೇಕಿದ್ದರೆ ಅಪ್‌ಡೇಟ್ ಹುಕ್ (ಪುಶ್ ಬಂದಾಗ ಸರ್ವರ್ ತಾನಾಗಿ ನಡೆಸುವ ಸ್ಕ್ರಿಪ್ಟ್) ಬರೆಯಿರಿ. ಫೋರ್ಸ್ ಪುಶ್ ತಡೆಯಲು ಸರ್ವರ್‌ನ ಒಂದು ಸೆಟ್ಟಿಂಗ್ ಸಾಕು.

ಫೋರ್ಕ್ ಎಂದರೆ ಸರ್ವರ್‌ನೊಳಗೇ ಮಾಡಿದ ಕ್ಲೋನ್ (ನಕಲು) ಮತ್ತು ಅದರ ಮೂಲ ಯಾವುದೆಂಬ ದಾಖಲೆ. 200 ಎಂಬಿಯ ರೆಪೊಸಿಟರಿಗೆ (ಒಂದು ಪ್ರಾಜೆಕ್ಟ್‌ನ ಗಿಟ್ ಸಂಗ್ರಹಕ್ಕೆ) 60 ಪೂರ್ಣ ಪ್ರತಿಗಳಾದರೆ 12 ಜಿಬಿ ಬೇಕು. ಬೇರೆ ರೆಪೊಸಿಟರಿಯತ್ತ ಬೊಟ್ಟುಮಾಡುವ ಆಲ್ಟರ್ನೇಟ್ಸ್ ಕಡತದ ಮೂಲಕ ಮೂಲದ ವಸ್ತುಗಳನ್ನೇ (ಗಿಟ್ ಕೂಡಿಟ್ಟ ದತ್ತಾಂಶ) ಹಂಚಿಕೊಂಡರೆ ಜಾಗ ಉಳಿಯುವುದು ನಿಜ. ಆದರೆ ಯಾವ ಶಾಖೆಯೂ ಹಿಡಿದಿರದ ವಸ್ತುಗಳನ್ನು ಎರಡು ವಾರಗಳ ನಂತರ ಮೂಲವು ಸ್ವಚ್ಛಗೊಳಿಸಿದಾಗ, ಅವನ್ನೇ ನೆಚ್ಚಿಕೊಂಡಿದ್ದ ಫೋರ್ಕ್ ಕೆಟ್ಟುಹೋಗುತ್ತದೆ. ನಿಮ್ಮಂಥ ಸರ್ವರ್‌ಗೆ ನಾನು ಇದನ್ನು ಒಪ್ಪುವುದಿಲ್ಲ. ಒಂದೇ ಫೈಲ್ ಸಿಸ್ಟಮ್‌ನಲ್ಲಿ ಡೈರೆಕ್ಟರಿಯ ಪಾತ್ ಕೊಟ್ಟು ಕ್ಲೋನ್ ಮಾಡಿದರೆ ಗಿಟ್ ಹಾರ್ಡ್ ಲಿಂಕ್ (ಡಿಸ್ಕ್‌ನ ಒಂದೇ ಕಡತಕ್ಕೆ ಇನ್ನೊಂದು ಹೆಸರು) ಬಳಸುತ್ತದೆ. ಮೂಲದಲ್ಲಿ ಅಳಿಸಿದರೂ ಫೋರ್ಕ್‌ಗೆ ಧಕ್ಕೆಯಿಲ್ಲ. ರೀಪ್ಯಾಕ್ ಆದಮೇಲೆ, ಅಂದರೆ ಗಿಟ್ ತನ್ನ ವಸ್ತುಗಳನ್ನು ಹೊಸ ಕಡತಕ್ಕೆ ಮತ್ತೆ ಜೋಡಿಸಿದ ಮೇಲೆ, ಈ ಉಳಿತಾಯ ಕರಗುತ್ತದೆ, ಆದರೆ ಒಂದು ಸೆಮಿಸ್ಟರ್‌ನ ಮಟ್ಟಿಗೆ ಅದು ಸಹ್ಯವೆಂದು ನನ್ನ ಅಭಿಪ್ರಾಯ.

ಕ್ಲೋನ್ ಮಾಡುವಾಗ ಹುಕ್‌ಗಳು ನಕಲಾಗುವುದಿಲ್ಲವಾದ್ದರಿಂದ ಪ್ರತಿ ಫೋರ್ಕ್‌ಗೂ ಅವನ್ನು ಬೇರೆಯಾಗಿ ಅಳವಡಿಸಬೇಕು. ಮೂಲವನ್ನು ಓದಲು ಅನುಮತಿ ಇರುವವರು ಮಾತ್ರ ಫೋರ್ಕ್ ಮಾಡಲಿ, ಖಾಸಗಿ ಮೂಲದ ಫೋರ್ಕ್ ಎಂದಿಗೂ ಸಾರ್ವಜನಿಕವಾಗದಿರಲಿ. ಮೂಲಕ್ಕೆ ಬರೆಯುವ ಹಕ್ಕನ್ನು ನಿಮ್ಮಲ್ಲೇ ಉಳಿಸಿಕೊಂಡು, ವಿದ್ಯಾರ್ಥಿಯ ಫೋರ್ಕ್‌ನಿಂದ ಶಾಖೆಯನ್ನು ತರಿಸಿ ಓದಿ ನೋಡಿದ ಮೇಲೆಯೇ ವಿಲೀನಗೊಳಿಸಿರಿ.