ಪಿಯಾನೊ ಮತ್ತು ಅಪ್ಪನ ಅಕ್ಕಿ ಗಿರಣಿ

ಪ್ರಶ್ನೆ: ನಾನು ಸಿಂಧನೂರಿನವನು, ವಯಸ್ಸು 21, ಬಿ.ಕಾಂ. ಕೊನೆಯ ವರ್ಷ. 15ನೇ ವಯಸ್ಸಿನಿಂದ ಬೆಂಗಳೂರಿನ ಶಿಕ್ಷಕರೊಬ್ಬರ ಬಳಿ ಆನ್‌ಲೈನ್‌ನಲ್ಲಿ ಪಿಯಾನೊ ಕಲಿಯುತ್ತಿದ್ದು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಯಲ್ಲಿ 6ನೇ ಗ್ರೇಡ್ ಪಾಸಾಗಿದ್ದೇನೆ. ಕಛೇರಿ ನೀಡುವ ಪಿಯಾನೊ ವಾದಕನೂ ಸಂಗೀತ ರಚನಕಾರನೂ ಆಗಬೇಕೆಂಬ ಆಸೆ. ಅಕ್ಕಿ ಗಿರಣಿ ನಡೆಸುವ ಅಪ್ಪ, ‘ನೀ ಬಾರಿಸ್ಕೋತ ಕುಂತ್ರ ಮಿಲ್ಲು ಯಾರು ನೋಡ್ಬೇಕಪ’ ಎನ್ನುತ್ತಾರೆ. ನಾನು ನುಡಿಸಿದ್ದನ್ನು ಅವರು ಒಮ್ಮೆಯೂ ಕುಳಿತು ಕೇಳಿಲ್ಲ. ಕರೆಂಟ್ ಹೋದಾಗ ಸದ್ದಿಲ್ಲದ ಡಿಜಿಟಲ್ ಪಿಯಾನೊದ ಮೇಲೆಯೇ ಬೆರಳಾಡಿಸಿ, ಹೊಳೆದದ್ದನ್ನು ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತೇನೆ. ಮನೆ ಬಿಟ್ಟು ಹೋಗಲೇ?

ಉತ್ತರ: ನೀವು ಒಂದೇ ಉಸಿರಿನಲ್ಲಿ ಹೇಳಿರುವ ವಾದಕ ಮತ್ತು ರಚನಕಾರ ಎಂಬ ಎರಡು ವೃತ್ತಿಗಳನ್ನು ಮೊದಲು ಬೇರ್ಪಡಿಸಿ ನೋಡೋಣ, ಏಕೆಂದರೆ ನಿಮ್ಮ ಮಟ್ಟಿಗೆ ಅವೆರಡರ ಉತ್ತರ ಒಂದೇ ಅಲ್ಲ.

ವಾದಕನ ವೃತ್ತಿಯ ಬಗ್ಗೆ ನಿಮ್ಮನ್ನು ಮೆಚ್ಚಿಸುವ ಮಾತು ನನ್ನಲ್ಲಿಲ್ಲ. ಪೋಲೆಂಡಿನ ವಾರ್ಸಾದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಶೋಪ್ಯಾನ್ ಪಿಯಾನೊ ಸ್ಪರ್ಧೆಗೆ 2025ರಲ್ಲಿ 16ರಿಂದ 30 ವರ್ಷದವರಿಗೆ ಪ್ರವೇಶವಿತ್ತು. ವಯೋಮಿತಿಯಲ್ಲಿ ನೀವೂ ಬರುತ್ತೀರಿ ಎಂಬುದು ನಿಜ. ಆದರೆ ಆ ವರ್ಷ ಮೊದಲ ಬಹುಮಾನ ಪಡೆದ ಎರಿಕ್ ಲು, ಹತ್ತು ವರ್ಷ ಹಿಂದೆ, ತಮ್ಮ 17ನೇ ವಯಸ್ಸಿಗೇ, ಅದೇ ವೇದಿಕೆಯಲ್ಲಿ ನಾಲ್ಕನೆಯವರಾಗಿದ್ದರು. ಅಂಥವರೊಡನೆ ಜಾಗ ಹಂಚಿಕೊಳ್ಳಬೇಕಾದ ಈ ವೃತ್ತಿಯಲ್ಲಿ, ತಂತಿಗೆ ಸುತ್ತಿಗೆ ಬಡಿಯುವ ನಿಜವಾದ ಪಿಯಾನೊ ನಿಮ್ಮ ದಿನದ ಅಭ್ಯಾಸಕ್ಕೆ ಇಲ್ಲದಿರುವುದು ಸಣ್ಣ ಕೊರತೆಯಲ್ಲ. ನಿಮ್ಮ ಅಪ್ಪ ಹೇಳುವ ಕಾರಣ ಬೇರೆಯಾದರೂ, ಈ ಒಂದು ವಿಷಯದಲ್ಲಿ ಅವರ ಅಂಜಿಕೆ ಸುಳ್ಳಲ್ಲ.

ರಚನೆಯ ಮಾತು ಬೇರೆ. ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಗ್ರೇಡ್ ಅಲ್ಲ, ಆ ಲೆಕ್ಕದ ಪುಸ್ತಕ. ಸದ್ದೇ ಬಾರದ ಕೀಗಳ ಮೇಲೆ ಬೆರಳಿಟ್ಟು, ಕಿವಿಯೊಳಗೆ ಕೇಳಿದ್ದನ್ನು ಬರೆದಿಡುವುದು ರಚನಕಾರನ ಕೆಲಸವೇ. ಅದಕ್ಕೆ ಸ್ಪರ್ಧೆಯ ವಯಸ್ಸಿಲ್ಲ, ಮತ್ತು ಅದಕ್ಕಾಗಿ ಊರು ಬಿಡಲೇಬೇಕೆಂದೂ ಇಲ್ಲ. ಹಂಗೇರಿಯ ರಚನಕಾರ ಬೇಲಾ ಬಾರ್ಟೋಕ್ ಬುಡಾಪೆಸ್ಟಿನಲ್ಲಿ ಪಿಯಾನೊ ಪಾಠ ಹೇಳಿ ಬದುಕುತ್ತಾ, ಹಳ್ಳಿಹಳ್ಳಿ ತಿರುಗಿ ರೈತರ ಹಾಡುಗಳನ್ನು ಫೋನೊಗ್ರಾಫ್‌ನಲ್ಲಿ ಹಿಡಿದು ತಂದವರು. ಆ ಹಾಡುಗಳ ನಡೆ ಅವರ ಕೃತಿಗಳ ಒಳಗೇ ಇಳಿಯಿತು. ನಿಮ್ಮ ಸುತ್ತಲೂ ಭಜನೆಯ ತತ್ವಪದಗಳಿವೆ, ಮೊಹರಂ ಬಂದರೆ ಅಲಾಯಿ ಕುಣಿತದ ಹಲಗೆಯ ಪೆಟ್ಟುಗಳಿವೆ. ಒಂದು ಕೀಯಿಂದ ಇನ್ನೊಂದಕ್ಕೆ ಜಾರಲು ಬಾರದ ಪಿಯಾನೊ ತತ್ವಪದದ ಎಳೆತವನ್ನು ಹೇಗೆ ಹಿಡಿದೀತು ಎಂಬುದು ನಿಮಗೆ ಸಿಕ್ಕಿರುವ ನಿಜವಾದ ಸಮಸ್ಯೆ, ಮತ್ತು ಅದು ವಾರ್ಸಾದವರಿಗೆ ಸಿಕ್ಕದ ಸಮಸ್ಯೆ.

ಗಿರಣಿಗೂ ರಚನೆಗೂ ಹಗೆಯಿರಬೇಕಿಲ್ಲ. ಅಮೆರಿಕದ ರಚನಕಾರ ಚಾರ್ಲ್ಸ್ ಐವ್ಸ್ ವಿಮಾ ವ್ಯವಹಾರ ನಡೆಸುತ್ತಲೇ ಸಂಜೆ, ರಜೆಗಳಲ್ಲಿ ಬರೆದರು. ಆದರೆ ಅವರ ಮೂರನೇ ಸಿಂಫನಿ, ಅಂದರೆ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ, ಮೊದಲು ನುಡಿದದ್ದು 1946ರಲ್ಲಿ, ಬರೆದು ದಶಕಗಳಾದ ಮೇಲೆ, ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಅಷ್ಟು ಕಾಯುವ ಗತಿ ನಿಮಗೆ ಬರಬಾರದು ಎಂದೇ ಹೇಳುತ್ತೇನೆ: ಪದವಿ ಮುಗಿಸಿ, ಭತ್ತದ ಸುಗ್ಗಿಯಲ್ಲಿ ಗಿರಣಿಗೆ ಹೆಗಲು ಕೊಟ್ಟು, ಆ ದುಡಿಮೆಗೆ ಪ್ರತಿಯಾಗಿ ಚೆನ್ನೈನಲ್ಲಿ ಒಂದು ವರ್ಷದ ಕಲಿಕೆಯನ್ನು ಅಪ್ಪನಿಂದ ಕೇಳಿ ಪಡೆಯಿರಿ. ಎ.ಆರ್. ರೆಹಮಾನ್ 2008ರಲ್ಲಿ ಅಲ್ಲಿ ಆರಂಭಿಸಿದ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ಪ್ರವೇಶ ನಿಯಮಗಳನ್ನೂ ಶುಲ್ಕವನ್ನೂ ಈಗಲೇ ವಿಚಾರಿಸಿ, ಕಾಗದದ ಮೇಲೆ ಲೆಕ್ಕ ಬರೆದೇ ಅಪ್ಪನ ಮುಂದಿಡಿ. ಗಿರಣಿಯವರು ಅಂಕಿ ನೋಡದೆ ಮಾತು ನಂಬುವುದಿಲ್ಲ.

ಅದಕ್ಕೂ ಮೊದಲು, ಕರೆಂಟ್ ಇರುವ ಒಂದು ರಾತ್ರಿ, ಊಟವಾದ ಮೇಲೆ, ಅವರ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದದ್ದನ್ನು ಅವರಿಗೇ ನುಡಿಸಿ ಕೇಳಿಸಿ. ಪುಸ್ತಕವನ್ನು ಅವರ ಕೈಗೇ ಕೊಟ್ಟು ಕೂರಿಸಿ.