ಜೆಟಿಒ ಆಗಬೇಕು, ನೋಟಿಫಿಕೇಶನ್ ಕಾಯುತ್ತಾ ಕೂರಬೇಕಾ?

ಪ್ರಶ್ನೆ: ನಮ್ಮೂರು ಹಾವೇರಿ ಹತ್ತಿರ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. 2023ರಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್‌ನಲ್ಲಿ ಬಿಇ ಮುಗಿಸಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಬಿಎಸ್‌ಎನ್‌ಎಲ್‌ನಲ್ಲಿ ಜೆಟಿಒ (ಜೂನಿಯರ್ ಟೆಲಿಕಾಂ ಆಫೀಸರ್) ಆಗಬೇಕು ಅನ್ನೋದು ಕಾಲೇಜಿನಿಂದಲೂ ಇರುವ ಆಸೆ. ಹಳೇ ಜೆಟಿಒ ಪ್ರಶ್ನೆಪತ್ರಿಕೆಗಳ ಪುಸ್ತಕ ತಂದು ಆರು ತಿಂಗಳಿಂದ ಓದುತ್ತಿದ್ದೇನೆ. ಕೋಚಿಂಗ್‌ನವರು ನೋಟಿಫಿಕೇಶನ್ ಇನ್ನೇನು ಬಂದೇಬಿಡುತ್ತೆ, ಕೆಲಸ ಬಿಟ್ಟು ಸೇರಿಕೊಳ್ಳಿ ಅನ್ನುತ್ತಾರೆ. ಬಿಡಲಾ? ಇಂಗ್ಲಿಷ್ ಭಯವೂ ಇದೆ.

ಉತ್ತರ: ಕೆಲಸ ಬಿಡಬೇಡಿ. ಆ ಹಳೇ ಪುಸ್ತಕವನ್ನೂ ಸದ್ಯಕ್ಕೆ ಎತ್ತಿಡಿ. ಎರಡಕ್ಕೂ ಕಾರಣ ಒಂದೇ.

ಬಿಎಸ್‌ಎನ್‌ಎಲ್ ಶುರುವಾಗಿದ್ದು 2000ದ ಅಕ್ಟೋಬರ್ 1ರಂದು. ಆಮೇಲೆ ಕೆಲವು ವರ್ಷ ಅದು ಜೆಟಿಒಗೆ ತಾನೇ ಪರೀಕ್ಷೆ ನಡೆಸುತ್ತಿತ್ತು. ಮೂರು ಗಂಟೆ, 120 ಪ್ರಶ್ನೆ. ನಿಮ್ಮ ಪುಸ್ತಕದಲ್ಲಿರುವುದು ಆ ಕಾಲದ ಪ್ರಶ್ನೆಗಳು. 2017ರಲ್ಲಿ 2510 ಹುದ್ದೆ ಕರೆದಾಗ ಬೇರೆ ಪರೀಕ್ಷೆಯೇ ಇರಲಿಲ್ಲ. ಎಂಜಿನಿಯರಿಂಗ್ ಓದಿದವರು ದೇಶದಾದ್ಯಂತ ಬರೆಯುವ ಗೇಟ್ ಪರೀಕ್ಷೆಯ ಆ ವರ್ಷದ ಅಂಕವನ್ನೇ ತಗೊಂಡರು. ಗೇಟ್ ಬರೆಯದೆ ಜೆಟಿಒ ಪರೀಕ್ಷೆಗೆ ಅಂತಲೇ ಓದುತ್ತಾ ಕೂತಿದ್ದವರಿಗೆ ಅರ್ಜಿ ಹಾಕುವ ದಾರಿಯೂ ಇರಲಿಲ್ಲ. 2020ರ ಜನವರಿ ಕೊನೆಗೆ 78 ಸಾವಿರಕ್ಕೂ ಜಾಸ್ತಿ ನೌಕರರು ಸ್ವಯಂ ನಿವೃತ್ತಿ ತಗೊಂಡು ಹೊರಗೆ ಬಂದರು. ಸಂಬಳದ ಹೊರೆ ಇಳಿಸಲು ಅಷ್ಟು ಜನರನ್ನು ಕಳಿಸಿದ ಸಂಸ್ಥೆ ಪ್ರತಿ ವರ್ಷ ಸಾವಿರಾರು ಜನರನ್ನು ತಗೊಳ್ಳುತ್ತೆ ಅಂತ ನಂಬಿಕೊಂಡು ಕೂರೋದು ಸರಿಯಲ್ಲ. ನೋಟಿಫಿಕೇಶನ್ ಬಂದರೆ ಒಳ್ಳೆಯದೇ. ಬರಲಿ ಅಂತ ನನಗೂ ಆಸೆ ಇದೆ. ಆದರೆ ಬರುವ ದಿನ ನಮ್ಮ ಕೈಯಲ್ಲಿಲ್ಲ.

ಪ್ರತಿ ವರ್ಷ ತಪ್ಪದೆ ಬರುವ ಪರೀಕ್ಷೆಗಳು ಎರಡಿವೆ. ಒಂದು ಗೇಟ್, ಫೆಬ್ರವರಿಯಲ್ಲಿ. ಇನ್ನೊಂದು ಯುಪಿಎಸ್‌ಸಿ ನಡೆಸುವ ಎಂಜಿನಿಯರಿಂಗ್ ಸರ್ವಿಸಸ್, ಹಳಬರು ಐಇಎಸ್ ಅನ್ನುವ ಪರೀಕ್ಷೆ. ಸರ್ಕಾರಿ ಟೆಲಿಕಾಂ ಕೆಲಸಕ್ಕೆ ನೇರ ಬಾಗಿಲು ಈ ಎರಡನೆಯದು. ಭಾರತೀಯ ಟೆಲಿಕಾಂ ಸೇವೆಗೆ ಇದರಿಂದಲೇ ಹೋಗುವುದು. ತರಂಗಾಂತರದ ಕೆಲಸ ನೋಡುವ ರೇಡಿಯೊ ರೆಗ್ಯುಲೇಟರಿ ಸೇವೆಗೂ ಇದೇ. ಇತ್ತೀಚಿನ ವರ್ಷಗಳ ಪಟ್ಟಿಯಲ್ಲಿ ಗ್ರೂಪ್ ಬಿ ಜೆಟಿಒ ಹುದ್ದೆಯೂ ಸೇರಿದೆ. ನೀವು ಆಸೆಪಟ್ಟ ಹೆಸರೇ, ಆದರೆ ಕೆಲಸ ಬಿಎಸ್‌ಎನ್‌ಎಲ್‌ನದ್ದಲ್ಲ, ಕೇಂದ್ರ ಸರ್ಕಾರದ್ದು. ವಯಸ್ಸು 21ರಿಂದ 30ರೊಳಗೆ. ಎಷ್ಟು ಸಲ ಬರೆಯಬಹುದು ಅನ್ನೋದಕ್ಕೆ ಮಿತಿ ಇಲ್ಲ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಥರದ ಸಂಸ್ಥೆಗಳು ಕರೆಯುವ ಪರೀಕ್ಷೆಗಳಿಗೂ ಓದಬೇಕಾದ್ದು ಹೆಚ್ಚುಕಡಿಮೆ ಇವೇ ವಿಷಯಗಳು.

ಅಂದರೆ ಒಂದು ಹುದ್ದೆಗೆ ಅಂತ ಓದಬೇಡಿ. ಎಲ್ಲ ಪರೀಕ್ಷೆಗೂ ಬುಡ ಒಂದೇ, ಅದನ್ನು ಗಟ್ಟಿ ಮಾಡಿ. ನೆಟ್‌ವರ್ಕ್ ಥಿಯರಿ, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಮೊದಲು. ಆಮೇಲೆ ಡಿವೈಸಸ್, ಅನಲಾಗ್, ಡಿಜಿಟಲ್. ಅದರ ಮೇಲೆ ಕಮ್ಯುನಿಕೇಶನ್. ಕಂಟ್ರೋಲ್ ಸಿಸ್ಟಮ್ಸ್, ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಕೊನೆಗೆ. ಜಾಸ್ತಿ ಜನ ಕಮ್ಯುನಿಕೇಶನ್ನಿಂದ ಶುರು ಮಾಡಿ ಫೂರಿಯರ್ ಬಂದ ಕಡೆ ನಿಂತುಬಿಡುತ್ತಾರೆ. ಸಿಗ್ನಲ್ಸ್ ಗಟ್ಟಿಯಿದ್ದರೆ ಕಮ್ಯುನಿಕೇಶನ್ ಅರ್ಧ ಮುಗಿದ ಹಾಗೆ.

ಓದೋದು ಅಂದರೆ ಹೇಗೆ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಹಲವರ ಫೋನ್ ಮಾತನ್ನು ಒಟ್ಟಿಗೆ ಸಾಗಿಸುವ ಇ1 ಲೈನಿನ ವೇಗ 2.048 ಎಂಬಿಪಿಎಸ್. ಕೋಚಿಂಗ್ ನೋಟ್ಸ್‌ನಲ್ಲಿ ಇದು ಒಂದು ಸಾಲು, ಬಾಯಿಪಾಠಕ್ಕೆ. ಪೆನ್ನು ತಗೊಂಡು ಬಿಡಿಸಿ ನೋಡಿ. ಫೋನಿನ ಮಾತು ಸುಮಾರು 3400 ಹರ್ಟ್ಸ್‌ವರೆಗೆ. ಅದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿಯಾಗಿ ಸೆಕೆಂಡಿಗೆ 8000 ಸ್ಯಾಂಪಲ್. ಒಂದೊಂದಕ್ಕೆ 8 ಬಿಟ್. ಅಲ್ಲಿಗೆ ಒಬ್ಬರ ಮಾತಿಗೆ 64 ಕೆಬಿಪಿಎಸ್. ಇಂಥ 32 ಸ್ಲಾಟ್ ಸೇರಿದರೆ 2048. ಅದರಲ್ಲಿ ಮಾತಿಗೆ 30 ಮಾತ್ರ, ಒಂದು ಸಿಂಕ್‌ಗೆ, ಒಂದು ಸಿಗ್ನಲಿಂಗ್‌ಗೆ. ಈಗ ನೋಡಿ, ಒಂದೇ ಸಾಲಿನಿಂದ ನೈಕ್ವಿಸ್ಟ್ (ಎಷ್ಟು ಸ್ಯಾಂಪಲ್ ಬೇಕು), ಪಿಸಿಎಂ (ಮಾತನ್ನು ಬಿಟ್ ಮಾಡೋದು), ಮಲ್ಟಿಪ್ಲೆಕ್ಸಿಂಗ್ (ಹಲವರ ಮಾತನ್ನು ಒಂದೇ ಲೈನಿಗೆ ಸೇರಿಸೋದು) ಮೂರರ ಪ್ರಶ್ನೆಯೂ ಹುಟ್ಟುತ್ತೆ. ಒಂದು ಫ್ರೇಮ್, ಅಂದರೆ 32 ಸ್ಲಾಟಿನ ಒಂದು ಸುತ್ತು, ಎಷ್ಟು ಹೊತ್ತು ಅಂತ ಕೇಳಿದರೂ ನೀವು ತಡಬಡಾಯಿಸಲ್ಲ. 8000ದಲ್ಲಿ ಒಂದು ಭಾಗ, 125 ಮೈಕ್ರೋಸೆಕೆಂಡ್. ಬಾಯಿಪಾಠ ಮಾಡಿದವರು ನಿಲ್ಲುವುದು ಇಲ್ಲೇ.

ಇನ್ನೊಂದು ಮಾತು. ಗೇಟ್‌ನಲ್ಲಿ ಸ್ಕ್ರೀನಿನ ಮೇಲೆಯೇ ಕ್ಯಾಲ್ಕುಲೇಟರ್ ಇರುತ್ತೆ. ಎಂಜಿನಿಯರಿಂಗ್ ಸರ್ವಿಸಸ್ ಪ್ರಿಲಿಮ್ಸ್‌ನಲ್ಲಿ ಕ್ಯಾಲ್ಕುಲೇಟರ್ ಇಲ್ಲವೇ ಇಲ್ಲ. ಅದಕ್ಕೇ ಡೆಸಿಬೆಲ್ ಲೆಕ್ಕವನ್ನು ಬಾಯಲ್ಲೇ ಮಾಡೋದು ರೂಢಿ ಆಗಬೇಕು. ಎರಡರಷ್ಟು ಅಂದರೆ 3 ಡಿಬಿ, ಹತ್ತರಷ್ಟು ಅಂದರೆ 10 ಡಿಬಿ. ಇಷ್ಟು ಸಾಕು. ಟವರಿನ ರೇಡಿಯೊದಿಂದ 20 ವ್ಯಾಟ್ ಬರುತ್ತಿದೆ ಅನ್ನಿ. ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್; ಒಂದು ವ್ಯಾಟ್ 30 ಡಿಬಿಎಂ, ಹತ್ತಕ್ಕೆ 40, ಇಪ್ಪತ್ತಕ್ಕೆ 43. ಕೇಬಲ್‌ನಲ್ಲಿ 3 ಹೋಯಿತು, 40. ಆಂಟೆನಾ ಗೇನ್ 17 ಸೇರಿತು, 57. ವ್ಯಾಟ್‌ನಲ್ಲಿ ಎಷ್ಟು? 60 ಡಿಬಿಎಂ ಅಂದರೆ ಸಾವಿರ ವ್ಯಾಟ್, ಅದರಲ್ಲಿ 3 ಕಡಿಮೆ ಅಂದರೆ ಅರ್ಧ, 500. ಪೆನ್ನೇ ಬೇಡ. ನಾನು ಸರ್ವಿಸ್‌ನಲ್ಲಿದ್ದಾಗ ಟವರ್ ಕೆಳಗೆ ನಿಂತು ಎಷ್ಟು ಸಲ ಈ ಲೆಕ್ಕ ಮಾಡಿದ್ದೇನೋ ಗೊತ್ತಿಲ್ಲ. ಪರೀಕ್ಷೆಗೆ ಕಲಿತದ್ದು ಕೆಲಸಕ್ಕೆ ಬಂದಾಗ ಆಗುವ ಖುಷಿ ನಿಮಗೂ ಸಿಗಲಿ.

ಪ್ರಿಲಿಮ್ಸ್‌ನಲ್ಲಿ ಎರಡು ಪೇಪರ್. ಸಾಮಾನ್ಯ ಅಧ್ಯಯನ ಮತ್ತು ಎಂಜಿನಿಯರಿಂಗ್ ಆಪ್ಟಿಟ್ಯೂಡ್‌ಗೆ 200 ಅಂಕ, ನಿಮ್ಮ ವಿಷಯಕ್ಕೆ 300. ಮೇನ್ಸ್‌ನಲ್ಲಿ 300ರ ಎರಡು ಪೇಪರ್, ಸಂದರ್ಶನಕ್ಕೆ 200. ಒಟ್ಟು 1300. ಮೊದಲನೇ ಪೇಪರನ್ನು ನಮ್ಮ ಹುಡುಗರು ಹುಡುಗಿಯರು ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ತೆಗೆಯುತ್ತಾರೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಪರಿಸರ, ಎಥಿಕ್ಸ್, ಮೆಟೀರಿಯಲ್ಸ್ ಅಂತ ಅದರಲ್ಲಿ ಬರೋದು ಕಷ್ಟದ್ದಲ್ಲ, ಆದರೆ ಅಗಲ ಜಾಸ್ತಿ. ವಾರಕ್ಕೆ ಒಂದು ಸಂಜೆ ಮೊದಲಿನಿಂದಲೇ ಇದಕ್ಕೆ ಕೊಡಿ.

ಇಂಗ್ಲಿಷ್ ವಿಷಯ. ಗೇಟ್, ಎಂಜಿನಿಯರಿಂಗ್ ಸರ್ವಿಸಸ್ ಎರಡೂ ಇಂಗ್ಲಿಷ್‌ನಲ್ಲೇ. ಆದರೆ ಮೇನ್ಸ್‌ನಲ್ಲಿ ನೋಡುವುದು ಚಿತ್ರ, ಸಮೀಕರಣ, ಹಂತ ಹಂತದ ಲೆಕ್ಕ, ಕೊನೆಗೆ ಯೂನಿಟ್. ಒಂದು ಕೆಲಸ ಮಾಡಿ. ಓದಿದ ಟಾಪಿಕನ್ನು ತಂಗಿಗೆ ಹೇಳಿಕೊಡುವ ಹಾಗೆ ಕನ್ನಡದಲ್ಲಿ ಜೋರಾಗಿ ಹೇಳಿ. ಸರಾಗವಾಗಿ ಬಂದರೆ ಅರ್ಥವಾಗಿದೆ ಅಂತ. ತಕ್ಷಣ ಅದನ್ನೇ ಇಂಗ್ಲಿಷ್‌ನಲ್ಲಿ ಐದು ಸಾಲು ಬರೆಯಿರಿ. ಮೂರು ತಿಂಗಳು ದಿನಾ ಮಾಡಿದರೆ ಭಯ ಹೋಗುತ್ತೆ. ನಾನೂ ಕನ್ನಡ ಶಾಲೆಯಿಂದ ಬಂದವನೇ, ಹೀಗೇ ಕಲಿತದ್ದು.

ಕೆಲಸದ ಜೊತೆ ಬೆಳಿಗ್ಗೆ ಎರಡು ಗಂಟೆ ಸಿಕ್ಕರೆ ಸಾಕು. ಭಾನುವಾರ ಒಂದು ಪೂರ್ತಿ ಪೇಪರ್, ಮೂರು ಗಂಟೆ ಎದ್ದೇಳದೆ. ಆ ಮೂರು ಗಂಟೆ ಮನೆಯವರಿಗೂ ಹೇಳಿಬಿಡಿ, ಫೋನ್ ಬೇರೆ ರೂಮಿನಲ್ಲಿರಲಿ.

ಕೊನೆಗೆ, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮದು ಹಿಂದುಳಿದ ವರ್ಗವಾದರೆ, ಸಿಇಟಿಗೆ ಕೊಟ್ಟ 2ಎ, 3ಬಿ ಪ್ರಮಾಣಪತ್ರ ಇಲ್ಲಿ ನಡೆಯಲ್ಲ. ನಮ್ಮ ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಮೊದಲು ಅದನ್ನು ನೋಡಿಕೊಳ್ಳಿ. ಇದ್ದರೆ ನಾಡಕಚೇರಿಯಲ್ಲಿ ಕೇಂದ್ರದ ಒಬಿಸಿ ಪ್ರಮಾಣಪತ್ರ ಅಂತಲೇ ಕೇಳಿ ಮಾಡಿಸಿ. ಪರೀಕ್ಷೆ ಪಾಸಾಗಿ, ಕಾಗದ ತಪ್ಪಿದ್ದಕ್ಕೆ ಅತ್ತವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಗೇಟ್, ಎಂಜಿನಿಯರಿಂಗ್ ಸರ್ವಿಸಸ್ ಪ್ರಿಲಿಮ್ಸ್‌ನಲ್ಲಿ ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಳೆಯುತ್ತಾರೆ. ಗೊತ್ತಿಲ್ಲದ್ದನ್ನು ಊಹಿಸಬಹುದಾ?

ಉತ್ತರ: ಏನೂ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ. ನಾಲ್ಕು ಆಯ್ಕೆಯಲ್ಲಿ ಸುಮ್ನೆ ಒಂದನ್ನು ಒತ್ತುತ್ತಾ ಹೋದರೆ ಸರಾಸರಿ ಬರೋದು ಸೊನ್ನೆ, ಟೈಮ್ ಬೇರೆ ಹಾಳು. ಒಂದು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಾದರೆ ಲೆಕ್ಕ ಸ್ವಲ್ಪ ನಿಮ್ಮ ಕಡೆ ವಾಲುತ್ತೆ. ಎರಡನ್ನು ತೆಗೆದುಹಾಕಿದರೆ ಧೈರ್ಯವಾಗಿ ಒತ್ತಿ. ಒಂದು ಅಂಕದ ಪ್ರಶ್ನೆಗೆ ಆಗ ಸರಾಸರಿ ಮೂರನೇ ಒಂದು ಅಂಕ ಬರುತ್ತೆ. ಉತ್ತರದ ಯೂನಿಟ್ ಹೊಂದುತ್ತಾ ಅಂತ ನೋಡಿದರೇ ಎಷ್ಟೋ ಸಲ ಎರಡು ಆಯ್ಕೆ ಬಿದ್ದುಹೋಗುತ್ತೆ. ಗೇಟ್‌ನಲ್ಲಿ ಸಂಖ್ಯೆಯನ್ನೇ ಬರೆಯುವ ಪ್ರಶ್ನೆಗೆ ನೆಗೆಟಿವ್ ಇಲ್ಲ, ಒಂದಕ್ಕಿಂತ ಹೆಚ್ಚು ಉತ್ತರ ಸರಿಯಿರಬಹುದಾದ ಪ್ರಶ್ನೆಗೂ ಇಲ್ಲ. ಅವನ್ನು ಖಾಲಿ ಬಿಡಲೇಬೇಡಿ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೇ ವರ್ಷ. ಈ ಪರೀಕ್ಷೆಗಳು ನನಗೂ ಆಗುತ್ತವಾ?

ಉತ್ತರ: ಎಂಜಿನಿಯರಿಂಗ್ ಸರ್ವಿಸಸ್‌ಗೆ ಡಿಗ್ರಿ ಬೇಕು. ಆದರೆ ರೈಲ್ವೆಯ ಸಿಗ್ನಲ್ ಅಂಡ್ ಟೆಲಿಕಾಂ ವಿಭಾಗದ ಜೆಇ (ಜೂನಿಯರ್ ಎಂಜಿನಿಯರ್) ಹುದ್ದೆಗೆ ಡಿಪ್ಲೊಮಾ ಸಾಕು. ಆರ್‌ಆರ್‌ಬಿ (ರೈಲ್ವೆ ನೇಮಕಾತಿ ಮಂಡಳಿ) ನಡೆಸುವ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಮೊದಲ ಹಂತ 90 ನಿಮಿಷಕ್ಕೆ 100 ಪ್ರಶ್ನೆ, ಎರಡನೆಯದು 120 ನಿಮಿಷಕ್ಕೆ 150. ಎರಡನೇ ಹಂತದಲ್ಲಿ 100 ಪ್ರಶ್ನೆ ನಿಮ್ಮ ಡಿಪ್ಲೊಮಾ ವಿಷಯದ್ದೇ. ಮುಂದೆ ಓದುವ ಮನಸ್ಸಿದ್ದರೆ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಿ. ಡಿಸಿಇಟಿಗೆ ಈ ವರ್ಷವೇ ಅರ್ಜಿ ಹಾಕಿ, ಜೆಇಗೆ ಡಿಪ್ಲೊಮಾ ಪಾಸಾದ ಮೇಲೆ ಹಾಕಿ. ಯಾವುದು ಮೊದಲು ಸಿಗುತ್ತೆ ನೋಡಿಕೊಂಡು ಮನೆಯಲ್ಲಿ ಕೂತು ಮಾತಾಡಿ ನಿರ್ಧರಿಸಬಹುದು.