ಕೆಮ್ಮು ನಿಂತಿತು ಅಂತ ಸುಮ್ಮನಾಗಬೇಡಿ

ಪ್ರಶ್ನೆ: ಅಪ್ಪನಿಗೆ 71 ವರ್ಷ, ಪಾರ್ಕಿನ್ಸನ್ ಇದೆ. ಊಟ ಮಾಡುವಾಗ ಪದೇ ಪದೇ ನೆತ್ತಿಗೆ ಹತ್ತುತ್ತಿತ್ತು. ಈಗ ಅನ್ನಕ್ಕೆ ಸಾರು ಜಾಸ್ತಿ ಹಾಕಿ, ಮಧ್ಯೆ ನೀರು ಕುಡಿಸುತ್ತೇವೆ. ಕೆಮ್ಮು ನಿಂತಿದೆ. ಸರಿಹೋಯಿತು ಅಂದುಕೊಳ್ಳಬಹುದಾ?

ಬೇಡ. ಈ ಪ್ರಶ್ನೆ ಓದಿದಾಗೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ. ಕೆಮ್ಮು ಗಂಟಲಿನ ಕಾವಲುಗಾರ. ಈ ಕಾಯಿಲೆಯಲ್ಲಿ ಗಂಟಲು ಮಂದವಾಗುತ್ತದೆ, ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬಾರದೆ ಇರಬಹುದು. ಹಾಗೆ ಇಳಿದದ್ದು ನ್ಯುಮೋನಿಯಾಕ್ಕೆ ತಿರುಗಬಹುದು. ಪಾರ್ಕಿನ್ಸನ್ ಇರುವವರ ಜೀವಕ್ಕೆ ದೊಡ್ಡ ಕುತ್ತು ಅದೇ.

ಸಾರನ್ನ ಮೆತ್ತಗಿರುತ್ತದೆ, ಸಲೀಸು ಅಂತ ಎಲ್ಲರೂ ನಂಬಿದ್ದಾರೆ. ನುಂಗುವ ಪರೀಕ್ಷೆ ಮಾಡುವಾಗ ಎಕ್ಸ್-ರೇ ಪರದೆಯ ಮೇಲೆ ನಾನು ದಿನಾ ನೋಡುವುದೇ ಬೇರೆ. ಅಜ್ಜಿ ಇನ್ನೂ ಅಗುಳು ಅಗಿಯುತ್ತಿರುತ್ತಾರೆ, ಅಷ್ಟರಲ್ಲಿ ತಿಳಿಸಾರು ಒಂದು ಕಪ್ಪು ಗೆರೆಯಾಗಿ ನಾಲಿಗೆಯ ಹಿಂದಿನಿಂದ ಜಾರಿ ಶ್ವಾಸನಾಳದ ಬಾಯಿಗೆ ಬಂದು ನಿಂತಿರುತ್ತದೆ. ಅಜ್ಜಿಯ ಮುಖದಲ್ಲಿ ಏನೂ ಬದಲಾವಣೆ ಇರುವುದಿಲ್ಲ. ಅನ್ನವನ್ನು ಗಟ್ಟಿ ಬೇಳೆಯಲ್ಲಿ ಒಂದೇ ಹದಕ್ಕೆ ಕಿವುಚಿ ಕೊಡಿ. ನೀರು ಹುಯ್ದು ತುತ್ತು ಇಳಿಸುವುದನ್ನು ಇವತ್ತೇ ನಿಲ್ಲಿಸಿ.

ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಕೆಲಸ ಶುರುಮಾಡಿ ಮೈ ಸಡಿಲವಾದ ಮೇಲೆ ಊಟಕ್ಕೆ ಕೂರಿಸಿ. ಟಿವಿ ಆರಿಸಿ. ಒಂದು ತುತ್ತು ನುಂಗಿ, ಬರೀ ಬಾಯಲ್ಲಿ ಇನ್ನೊಮ್ಮೆ ನುಂಗಲಿ, ಆಮೇಲೆ ಮುಂದಿನದು. ಊಟವಾದ ಅರ್ಧ ಗಂಟೆ ಮಲಗಿಸಬೇಡಿ. ಬಾಯಿ ತೊಳೆಸಿ, ಕೊಳಕು ಬಾಯಿಯ ಎಂಜಲು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೆಟ್ಟದ್ದು. ಊಟದ ನಂತರ 'ಆ' ಅನ್ನಿಸಿ. ದನಿ ಗೊರಗೊರ ಅಂದರೆ, ತೂಕ ಇಳಿದರೆ, ಆಗಾಗ ಜ್ವರ ಬಂದರೆ ತಡ ಮಾಡಬೇಡಿ. ಇವು ಯಾವುದೂ ಇಲ್ಲದಿದ್ದರೂ ಒಮ್ಮೆ ಪರೀಕ್ಷೆ ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ (ಆಯಿಶ್), ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನುಂಗುವ ತೊಂದರೆ ನೋಡುವವರಿದ್ದಾರೆ. ಗದ್ದ ತಗ್ಗಿಸಿ ನುಂಗುವುದು, ನೀರು ಮಂದ ಮಾಡುವ ಪುಡಿ, ಇವೆರಡನ್ನೂ ಪರೀಕ್ಷೆ ನೋಡದೆ ನಾನು ಯಾರಿಗೂ ಹೇಳುವುದಿಲ್ಲ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದು.

ನೆತ್ತಿಗೆ ಹತ್ತಿದಾಗ 'ಯಾರೋ ನೆನೆಸಿಕೊಂಡರು, ಮೇಲೆ ನೋಡು' ಅಂತ ತಲೆ ತಟ್ಟುತ್ತೀರಲ್ಲ, ದಯವಿಟ್ಟು ಬೇಡ. ಕತ್ತು ಹಿಂದಕ್ಕೆ ಹೋದರೆ ಶ್ವಾಸದ ದಾರಿ ಇನ್ನೂ ತೆರೆದುಕೊಳ್ಳುತ್ತದೆ. ಮುಂದಕ್ಕೆ ಬಾಗಿಸಿ, ಕೆಮ್ಮಲು ಬಿಡಿ. ಕೆಮ್ಮಲೂ ಮಾತಾಡಲೂ ಆಗದಿದ್ದರೆ ಉಸಿರು ಕಟ್ಟಿದೆ ಅಂತ ಅರ್ಥ. ಬೆನ್ನಿಗೆ ಜೋರಾಗಿ ಹೊಡೆಯಿರಿ, 108ಕ್ಕೆ ಫೋನ್ ಮಾಡಿ.

ಮುದ್ದೆ ಕೊಡಬಹುದಾ?

ಅಗಿಯದೆ ನುಂಗುವ ಮುದ್ದೆ ಬೇಡ.

ಜೊಲ್ಲು ಜಾಸ್ತಿ ಆಗಿದೆ, ಕಡಿಮೆ ಮಾಡುವುದು ಹೇಗೆ?

ಜೊಲ್ಲು ಜಾಸ್ತಿ ಆಗಿಲ್ಲ, ನುಂಗುವುದು ಕಡಿಮೆ ಆಗಿದೆ. ಆಗಾಗ ನುಂಗಲು ನೆನಪಿಸಿ.

ಗಂಟಲಿನ ನರ ಬಿಚ್ಚುತ್ತದೆ ಅಂತ ಮೂಗಿಗೆ ಎಣ್ಣೆ ಬಿಡುತ್ತಾರೆ. ಹೋಗಬಹುದಾ?

ಖಂಡಿತ ಬೇಡ. ನುಂಗಲಾರದವರ ಮೂಗಿಗೆ ಬಿಟ್ಟ ಎಣ್ಣೆ ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಅದರಿಂದಲೂ ನ್ಯುಮೋನಿಯಾ ಆಗುತ್ತದೆ. ಹಾಗೆ ಎಣ್ಣೆ ಬಿಡುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಮಾತ್ರೆ ಪುಡಿ ಮಾಡಿ ಕೊಡಬಹುದಾ?

ನಿಧಾನವಾಗಿ ಕರಗುವ ಮಾತ್ರೆಯಾದರೆ ಆಗಲ್ಲ. ನಿಮ್ಮದು ಯಾವುದು ಅಂತ ನರರೋಗದ ಡಾಕ್ಟರನ್ನು ಕೇಳಿ.